ಕಡಸು ಕರು ಹಾಕಲು ಯಾಕೆ ಕಷ್ಟಪಡುತ್ತದೆ?

ಪ್ರಶ್ನೆ: ನಮ್ಮ ಕಡಸು ಚೊಚ್ಚಲ ಕರು ಹಾಕುವಾಗ ತುಂಬಾ ಒದ್ದಾಡಿತು. ನಾಲ್ಕೈದು ಜನ ಸೇರಿ ಎಳೆದೆವು, ಕರು ಉಳಿಯಲಿಲ್ಲ. ಗಬ್ಬದ ಕೊನೆಯಲ್ಲಿ ಮೇವು ಜಾಸ್ತಿ ಹಾಕಿದ್ದಕ್ಕೇ ಹೀಗಾಯಿತು ಎನ್ನುತ್ತಾರೆ. ಮುಂದಿನ ಸಲ ಮೇವು ಕಡಿಮೆ ಮಾಡಬೇಕೆ?

ಉತ್ತರ: ಖಂಡಿತ ಬೇಡ. ಕೊನೆಯ ತಿಂಗಳುಗಳಲ್ಲಿ ಅರೆಹೊಟ್ಟೆ ಇಟ್ಟರೆ ತಾಯಿಗೆ ಮುಕ್ಕಲು ಶಕ್ತಿ ಇರುವುದಿಲ್ಲ, ಗಿಣ್ಣುಹಾಲು ಕಡಿಮೆಯಾಗುತ್ತದೆ, ಹುಟ್ಟಿದ ಕರು ಎದ್ದು ನಿಲ್ಲಲು ಪರದಾಡುತ್ತದೆ. ಹೆರಿಗೆಯೇನೂ ಸುಲಭವಾಗುವುದಿಲ್ಲ. ಹಾಗಂತ ಕೊಬ್ಬಿಸಲೂ ಬೇಡಿ, ಒಳಗೆ ಕೊಬ್ಬು ತುಂಬಿದರೆ ಕರು ಬರುವ ದಾರಿ ಕಿರಿದಾಗುತ್ತದೆ.

ಚೊಚ್ಚಲಿನಲ್ಲಿ ಹೆಚ್ಚಾಗಿ ಆಗುವುದು ಇಷ್ಟೇ: ಕರು ದೊಡ್ಡದು, ದಾರಿ ಚಿಕ್ಕದು. ಇದರ ಬಹುಪಾಲು ತೀರ್ಮಾನ ಸುಮಾರು 280 ದಿನ ಮೊದಲೇ, ಕಡಸಿಗೆ ಗಬ್ಬ ಕಟ್ಟಿಸಿದ ದಿನವೇ ಆಗಿರುತ್ತದೆ. ಬೆದೆಗೆ ಬಂತು ಅಂತ ಸುಮ್ನೆ ಅವಸರಪಡಬೇಡಿ, ವಯಸ್ಸಿನ ಜೊತೆ ತೂಕವನ್ನೂ ನೋಡಿ. ಅದೇ ತಳಿಯ ಬೆಳೆದ ಹಸುವಿನ ತೂಕದಲ್ಲಿ ಶೇ 60–65ರಷ್ಟಾದರೂ ಇರಬೇಕು, ಅಂದರೆ ಬೆಳೆದ ಹಸು 400 ಕೆ.ಜಿ. ತೂಗುವುದಾದರೆ ಕಡಸು 240ರಿಂದ 260 ಕೆ.ಜಿ. ಆಮೇಲೆ ಹೋರಿ. ಹಾಲಿನ ಆಸೆಗೆ ಸಣ್ಣ ಮೈಕಟ್ಟಿನ ಕಡಸಿಗೆ ದೊಡ್ಡ ತಳಿಯ ಹೋರಿಯ ವೀರ್ಯ ಕೊಡಿಸಿ, ಕೊನೆಗೆ ಮೇವನ್ನು ಬೈದರೆ ನ್ಯಾಯವಲ್ಲ ಅಲ್ವಾ? ಸಣ್ಣ ಕರು ಹುಟ್ಟಿಸುವ ಹೋರಿಯದೇ ಬೇಕು ಎಂದು ಕೇಳಿ ಹಾಕಿಸಿ.

ಕರು ಕಾಲು ಮಡಚಿಕೊಂಡೋ ಕತ್ತು ಹಿಂದಕ್ಕೆ ತಿರುಗಿಸಿಕೊಂಡೋ ಬರುವುದನ್ನು ಮಾತ್ರ ಯಾರೂ ತಡೆಯಲಾರರು, ಬೇಗ ಗುರುತಿಸಬಹುದು ಅಷ್ಟೇ. ಸರಿಯಾಗಿ ಬರುವ ಕರುವಿನ ಎರಡು ಮುಂಗಾಲು ಮೊದಲು ಕಾಣುತ್ತವೆ, ಗೊರಸಿನ ಅಡಿಭಾಗ ನೆಲದ ಕಡೆಗಿರುತ್ತದೆ, ಕಾಲುಗಳ ಮೇಲೆ ಮೂತಿ ಇರುತ್ತದೆ. ಒಂದೇ ಕಾಲು ಬಂದರೆ, ಅಡಿಭಾಗ ಮೇಲಕ್ಕಿದ್ದರೆ, ಅಥವಾ ನೀರಿನ ಚೀಲ ಕಂಡು ಒಂದು ಗಂಟೆಯಾದರೂ ಮುಂದುವರಿಯದಿದ್ದರೆ ತಕ್ಷಣ ಪಶುವೈದ್ಯರನ್ನು ಕರೆಸಿ. ಹಸು ಗಂಟೆಗಟ್ಟಲೆ ಚಡಪಡಿಸುತ್ತಿದ್ದರೂ ನೀರಿನ ಚೀಲವೇ ಕಾಣದಿದ್ದರೆ ಗರ್ಭಕೋಶ ತಿರುಚಿಕೊಂಡಿರಬಹುದು, ಆಗಲೂ ಕಾಯಬೇಡಿ.

ನಾಲ್ಕೈದು ಜನ ಎಳೆದಿದ್ದು ಓದಿ ಬೇಸರವಾಯಿತು. ಅಷ್ಟು ಜೋರಿಗೆ ಕರುವಿನ ಪಕ್ಕೆಲುಬು ಮುರಿಯಬಹುದು, ತಾಯಿಯ ನರಕ್ಕೆ ಪೆಟ್ಟಾಗಿ ಅದು ಏಳದೇ ಹೋಗಬಹುದು. ಕರು ಸರಿಯಾಗಿ ಬರುತ್ತಿದ್ದರೆ ಮಾತ್ರ, ಹಸು ಮುಕ್ಕಿದಾಗಲಷ್ಟೇ, ಕೆಳಮುಖವಾಗಿ ಎಳೆಯಬೇಕು. ಇಬ್ಬರಿಂದ ಆಗದಿದ್ದರೆ ಬಿಟ್ಟುಬಿಡಿ.

ಎರಡನೇ ಸಲ ಸಾಮಾನ್ಯವಾಗಿ ಇಷ್ಟು ಕಷ್ಟವಾಗುವುದಿಲ್ಲ. ಆದರೆ ಮತ್ತೆ ಗಬ್ಬ ಕಟ್ಟಿಸುವ ಮೊದಲು, ಒಳಗೆ ಗಾಯ ಅಥವಾ ಕೀವು ಉಳಿದಿದೆಯೇ ಎಂದು ಒಮ್ಮೆ ಪರೀಕ್ಷೆ ಮಾಡಿಸಿ.