ಮಗಳ ಕಾಲೇಜಿನ ಪೇರೆಂಟ್ಸ್ ವೀಕೆಂಡ್‌ಗೆ ಹೋಗಲೇಬೇಕಾ?

ನೀವು ಕೇಳಿದ್ದು ಇಷ್ಟು: ಮಗಳು ಅಮೆರಿಕದ ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ಯೂನಿವರ್ಸಿಟಿ ಸೇರಿದ್ದಾಳೆ, ಅಪ್ಪ ಅಮ್ಮಂದಿರು ಬಂದು ಮಕ್ಕಳನ್ನು ನೋಡುವ ಪೇರೆಂಟ್ಸ್ ವೀಕೆಂಡ್ ಅಂತ ಈಮೇಲ್ ಬಂದಿದೆ, ಹೋಗಲೇಬೇಕಾ? ಹೋದರೆ ಪ್ರೊಫೆಸರ್‌ಗಳನ್ನು ಕಂಡು ಓದು ಹೇಗಿದೆ ಅಂತ ವಿಚಾರಿಸಬಹುದಾ? ಅವಳ ರೂಮಿನಲ್ಲೇ ಉಳಿಯಬಹುದಾ? ಊರಿಂದ ಬಂದಿರುವ ಅತ್ತೆಯನ್ನೂ ಕರೆದುಕೊಂಡು ಹೋಗಬಹುದಾ? ನನ್ನ ಮಗ ಅಲ್ಲೇ ಓದಿದವನು, ನಾವೂ ನಿಮ್ಮ ಹಾಗೆ ನ್ಯೂಜೆರ್ಸಿಯ ಎಡಿಸನ್ ಕಡೆಯವರೇ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಹೋಗಿ. ಕಡ್ಡಾಯ ಏನಲ್ಲ, ಯಾರೂ ಹಾಜರಿ ಹಾಕುವುದಿಲ್ಲ. ಆದರೆ ಆಗಸ್ಟಿನಲ್ಲಿ ಹಾಸಿಗೆ ದಿಂಬು ಸಮೇತ ಬಿಟ್ಟು ಬಂದ ಹುಡುಗಿ ಈಗ ಅಲ್ಲಿ ಹೇಗಿದ್ದಾಳೆ ಅಂತ ಫೋನಿನಲ್ಲಿ ಗೊತ್ತಾಗುವುದಿಲ್ಲ. 'ಊಟ ಆಯ್ತಾ' ಅಂದರೆ 'ಆಯ್ತಮ್ಮಾ' ಅಂತಾರೆ, ಮುಗಿಯಿತು.

ಪ್ರೊಫೆಸರ್ ವಿಷಯ ಮಾತ್ರ ಬಿಟ್ಟುಬಿಡಿ. ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಿ, ಮಿಸ್ ಹತ್ತಿರ 'ಸ್ವಲ್ಪ ನೋಡ್ಕೊಳ್ಳಿ' ಅಂತ ಹೇಳಿ ಬರುವ ಮೀಟಿಂಗ್ ಅಲ್ಲ ಇದು. ಇಲ್ಲಿ ಫೆರ್ಪಾ ಅಂತ 1974ರ ಒಂದು ಕಾನೂನಿದೆ. ಕಾಲೇಜು ಸೇರಿದ ಮೇಲೆ ಗ್ರೇಡು, ದಾಖಲೆ ಎಲ್ಲದರ ಹಕ್ಕು ವಿದ್ಯಾರ್ಥಿಯದ್ದು. ಹುಡುಗಿಗೆ ಇನ್ನೂ ಹದಿನೇಳೇ ಆಗಿದ್ದರೂ ಅಷ್ಟೇ. ಫೀಸ್ ಕಟ್ಟುವವರು ನೀವೇ ಇರಬಹುದು, ಅವಳು ಒಪ್ಪಿ ಸಹಿ ಹಾಕದಿದ್ದರೆ 'ಗ್ರೇಡ್ ತೋರಿಸಿ' ಅಂತ ಹಕ್ಕಿನಿಂದ ಕೇಳುವಂತಿಲ್ಲ. ನಮ್ಮ ಯಜಮಾನರಿಗೆ ಇದನ್ನು ಕೇಳಿ ಮೈಯೆಲ್ಲ ಉರಿದಿತ್ತು. 'ದುಡ್ಡು ನಂದು, ಗುಟ್ಟು ಅವನದಾ' ಅಂತ. ಗ್ರೇಡ್ ತಿಳಿಯಬೇಕಿದ್ದರೆ ಮಗಳನ್ನೇ ಕೇಳಿ. ಅತ್ತೆಯ ಎದುರಿಗಂತೂ ಬೇಡ, ರೂಮ್‌ಮೇಟ್ ಪಕ್ಕದಲ್ಲಿದ್ದಾಗಲೂ ಬೇಡ.

ಇದೇ ಜಾತಿಯ ಇನ್ನೊಂದು ವಿಷಯ ಇದೆ, ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಹದಿನೆಂಟು ತುಂಬಿದ ಮೇಲೆ ಮಗಳು ಆಸ್ಪತ್ರೆ ಸೇರುವ ಹಾಗಾದರೆ, ಫೋನ್ ಮಾಡಿ 'ನಾನು ಅವಳ ತಾಯಿ' ಅಂದ ಮಾತ್ರಕ್ಕೆ ಅವರು ಎಲ್ಲ ಹೇಳಬೇಕೆಂದಿಲ್ಲ. ಹೆಲ್ತ್ ಕೇರ್ ಪವರ್ ಆಫ್ ಅಟಾರ್ನಿ ಅನ್ನುವ ಕಾಗದವೊಂದಿದೆ, ತನಗೆ ಆಗದಿದ್ದಾಗ ಚಿಕಿತ್ಸೆಯ ವಿಷಯ ನೀವು ನೋಡಿಕೊಳ್ಳಿ ಅಂತ ಅವಳು ಬರೆದುಕೊಡುವುದು. ಸಾಕ್ಷಿಗಳ ನಿಯಮ ನೋಡಿಕೊಂಡು, ಈ ಸಲ ಹೋದಾಗಲೇ ಸಹಿ ಮಾಡಿಸಿ, ಒಂದು ಫೋಟೋ ನಿಮ್ಮ ಫೋನಿನಲ್ಲಿ ಇಟ್ಟುಕೊಳ್ಳಿ. ಅಲ್ಲಿನ ಫುಟ್‌ಬಾಲ್ ಮ್ಯಾಚ್ ನೋಡದಿದ್ದರೂ ನಡೆಯುತ್ತೆ, ಇದನ್ನು ಬಿಡಬೇಡಿ.

ರೂಮಿನಲ್ಲಿ ಉಳಿಯುವ ಯೋಚನೆ ಬೇಡ. ಎರಡು ಮಂಚ, ಎರಡು ಮೇಜು, ಮಧ್ಯೆ ಕಾಲಿಡಲು ಜಾಗ, ಅಷ್ಟೇ ಇರುವುದು. ಹೋಟೆಲ್ ಮಾತ್ರ ಇವತ್ತೇ ನೋಡಿ. ಯೂನಿವರ್ಸಿಟಿ ಇರುವ ಊರಿನ ಹೆಸರೇ ಸ್ಟೇಟ್ ಕಾಲೇಜ್, ಅದರ ಜನಸಂಖ್ಯೆ ಸುಮಾರು 40,000. ಯೂನಿವರ್ಸಿಟಿಯ ಫುಟ್‌ಬಾಲ್ ಮೈದಾನ ಬೀವರ್ ಸ್ಟೇಡಿಯಂನಲ್ಲಿ ಕೂರುವವರೇ ಒಂದು ಲಕ್ಷಕ್ಕಿಂತ ಜಾಸ್ತಿ. ಇನ್ನು ಆ ವಾರಾಂತ್ಯ ರೂಮಿನ ಬಾಡಿಗೆ ಏನಾಗಿರುತ್ತೆ ಅಂತ ನೀವೇ ಊಹಿಸಿ. ಒಂದೇ ರಾತ್ರಿಗೆ ಕೊಡುವುದಿಲ್ಲ ಅನ್ನುವವರೂ ಇದ್ದಾರೆ. ಸಿಗದಿದ್ದರೆ ಪಕ್ಕದ ಊರು ಬೆಲ್‌ಫಾಂಟ್ ನೋಡಿ, ಹತ್ತಿರವೇ ಇದೆ. ಅಲ್ಲೂ ಇಲ್ಲದಿದ್ದರೆ ಆಲ್ಟೂನಾ, ಮುಕ್ಕಾಲು ಗಂಟೆ ದಾರಿ. ಎಡಿಸನ್‌ನಿಂದ ಐ-80 ಹೆದ್ದಾರಿ ಹಿಡಿದರೆ ನಾಲ್ಕು ಗಂಟೆ ಆಗುತ್ತೆ. ಕತ್ತಲಾಗುವ ಮುಂಚೆ ತಲುಪುವ ಹಾಗೆ ಹೊರಡಿ, ಅಕ್ಟೋಬರ್ ಸಂಜೆ ಆ ಬೆಟ್ಟಗಳ ನಡುವೆ ಜಿಂಕೆಗಳು ರಸ್ತೆಗೆ ಬಂದುಬಿಡುತ್ತವೆ.

ಅವಳ ರೂಮಿಗೆ ಹೋದಾಗ, ಮದುವೆ ಮಾಡಿಕೊಟ್ಟ ಮಗಳ ಮನೆಗೆ ಮೊದಲ ಸಲ ಹೋದವರ ಹಾಗೆ ಇರಿ. ಬೀರು ತೆಗೆಯಬೇಡಿ, ಬಟ್ಟೆ ಮಡಚಲು ಕೂರಬೇಡಿ. ಕೈ ತುರಿಸುತ್ತೆ, ಗೊತ್ತು. ಎಲ್ಲಿಗೆ ಹೋಗಬೇಕು, ಎಲ್ಲಿ ತಿನ್ನಬೇಕು ಅನ್ನುವುದನ್ನು ಅವಳಿಗೇ ಬಿಡಿ. ನನ್ನ ಮಗ ನಮ್ಮನ್ನು ಕ್ಯಾಂಪಸ್ಸಿನ ಹೆಸರುವಾಸಿ ಸಿಂಹದ ಪ್ರತಿಮೆ ಹತ್ತಿರ ಸಾಲಿನಲ್ಲಿ ನಿಲ್ಲಿಸಿ ಫೋಟೋ ತೆಗೆಸಿದ. ಆಮೇಲೆ ಯೂನಿವರ್ಸಿಟಿಯದೇ ಐಸ್‌ಕ್ರೀಂ ಅಂಗಡಿ ಕ್ರೀಮರಿಗೆ ಕರೆದುಕೊಂಡು ಹೋಗಿ, 'ಎರಡು ಫ್ಲೇವರ್ ಬೆರೆಸಿ ಕೊಡಿ ಅಂತ ಕೇಳಬೇಡಮ್ಮಾ, ಇಲ್ಲಿ ಕೊಡಲ್ಲ' ಅಂತ ಮೊದಲೇ ಎಚ್ಚರಿಸಿದ. ಬಿಲ್ ಕ್ಲಿಂಟನ್‌ಗೆ ಮಾತ್ರ ಬೆರೆಸಿ ಕೊಟ್ಟಿದ್ದರಂತೆ. ಮನೆಯಲ್ಲಿ ತನ್ನ ಲೋಟ ತಾನು ತೊಳೆಯದ ಹುಡುಗ, ಅಲ್ಲಿ ನಮ್ಮ ಕೋನ್‌ಗೆ ತಾನೇ ಕಾರ್ಡ್ ಉಜ್ಜಿದ. ಅದೂ ನಮ್ಮ ದುಡ್ಡೇ ಅನ್ನಿ.

ತಿಂಡಿ ಖಂಡಿತ ಒಯ್ಯಿರಿ, ಸಾರು ಹುಳಿ ಬೇಡ. ಅವರ ಫ್ರಿಜ್ ಮೊಣಕಾಲೆತ್ತರದ್ದು, ಅರ್ಧ ಜಾಗ ರೂಮ್‌ಮೇಟ್‌ದು. ಹಾಸ್ಟೆಲ್ ರೂಮಲ್ಲಿ ಒಲೆ ಇಡುವ ಹಾಗಿಲ್ಲ, ಒಗ್ಗರಣೆ ಹೊಗೆಗೆ ಅಲಾರಂ ಹೊಡೆದುಕೊಂಡರೆ ಇಡೀ ಕಟ್ಟಡ ಹೊರಗೆ ಬಂದು ನಿಲ್ಲಬೇಕು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಬಿಸಿನೀರು ಹಾಕಿದರೆ ಆಗುವ ಗೊಜ್ಜವಲಕ್ಕಿ, ಇವು ಸರಿ. ಕೋಡುಬಳೆ ಎರಡು ಡಬ್ಬಿ ಮಾಡಿ, ಒಂದು ಬರೀ ಸ್ನೇಹಿತರಿಗೆ. ನನ್ನ ಮಗನ ರೂಮ್‌ಮೇಟ್ ಐದು ಬೆರಳಿಗೂ ಒಂದೊಂದು ಕೋಡುಬಳೆ ಸಿಕ್ಕಿಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಆದರೂ ನಿಲ್ಲಿಸದೆ ಕಚ್ಚುತ್ತಾ ಓಡಾಡುತ್ತಿದ್ದ.

ಆ ಶನಿವಾರ ಸಾಮಾನ್ಯವಾಗಿ ಊರಲ್ಲೇ ಫುಟ್‌ಬಾಲ್ ಮ್ಯಾಚ್ ಇರುತ್ತೆ, ಅಮೆರಿಕನ್ ಫುಟ್‌ಬಾಲ್. ಟಿಕೆಟ್ ದುಬಾರಿ, ಆಟ ನಮಗೆ ಅರ್ಥವಾಗುವುದೂ ಅಷ್ಟಕ್ಕಷ್ಟೆ. ಹದಿನೈದು ನಿಮಿಷದ ನಾಲ್ಕು ಭಾಗ ಅಂತಾರೆ, ಮುಗಿಯುವಷ್ಟರಲ್ಲಿ ಮೂರು ಗಂಟೆ ದಾಟಿರುತ್ತೆ. ಆದರೂ ಆಟಕ್ಕೆ ಮುಂಚೆ ಬ್ಯಾಂಡಿನ ಮುಖಂಡ ಮೈದಾನಕ್ಕೆ ಓಡಿ ಬಂದು ಲಾಗ ಹಾಕುವುದನ್ನು ಒಮ್ಮೆ ನೋಡಬೇಕು. ಮಗಳ ಹತ್ತಿರ ಸ್ಟೂಡೆಂಟ್ ಟಿಕೆಟ್ ಇದ್ದರೆ ಅವಳು ಸ್ನೇಹಿತರ ಜೊತೆ ಬೇರೆ ಕಡೆ ಕೂರುತ್ತಾಳೆ, ಬೇಜಾರು ಮಾಡಿಕೊಳ್ಳಬೇಡಿ. ವ್ಯಾನಿಟಿ ಬ್ಯಾಗ್ ಕಾರಿನಲ್ಲೇ ಬಿಡಿ, ಒಳಗೆ ಪಾರದರ್ಶಕ ಬ್ಯಾಗ್ ಮಾತ್ರ ಬಿಡುವುದು. ಮೊಸರನ್ನದ ಡಬ್ಬಿ ಗೇಟಿನಲ್ಲೇ ಉಳಿಯುತ್ತೆ.

ಅತ್ತೆಯನ್ನು ಕರೆದುಕೊಂಡು ಹೋಗಿ, ಅಜ್ಜಿ ತಾತ ತಮ್ಮಂದಿರು ಎಲ್ಲರೂ ಬಂದಿರುತ್ತಾರೆ. ಸ್ಟೇಡಿಯಂಗೆ ಮಾತ್ರ ಬೇಡ. ಮೆಟ್ಟಿಲು ಜಾಸ್ತಿ, ಬೆಂಚಿಗೆ ಒರಗು ಇರುವುದಿಲ್ಲ, ಚಳಿ ಬೇರೆ. ಆ ಮೂರು ಗಂಟೆ ನಿಮ್ಮಲ್ಲೊಬ್ಬರು ಅವರ ಜೊತೆ ಹೋಟೆಲಲ್ಲಿ ಇರಿ. ಕ್ಯಾಂಪಸ್ ತುಂಬ ದೊಡ್ಡದು, ಏರಿಳಿತವೂ ಇದೆ, ಮಂಡಿ ನೋವಿದ್ದರೆ ಮಡಚುವ ವೀಲ್‌ಚೇರ್ ಕಾರಿನಲ್ಲಿ ಇಟ್ಟುಕೊಳ್ಳಿ. 'ನಂಗೇನು ಬೇಡ' ಅಂತಾರೆ, ಆದರೂ ಇಟ್ಟುಕೊಳ್ಳಿ.

ಭಾನುವಾರ ಮಧ್ಯಾಹ್ನದೊಳಗೆ ಹೊರಟುಬಿಡಿ. ಅವಳಿಗೆ ಸೋಮವಾರದ ಹೋಂವರ್ಕ್ ಇರುತ್ತೆ, ಕೆಲವು ಸಲ ಅದೇ ವಾರ ಮಿಡ್‌ಟರ್ಮೂ ಇರುತ್ತೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಹೇಗೂ ಮನೆಗೆ ಬರುತ್ತಾಳೆ. ಅದರ ಬಸ್ ಟಿಕೆಟ್ ಕೂಡ ಬೇಗ ಖಾಲಿಯಾಗುತ್ತೆ, ಹೋಟೆಲ್ ಬುಕ್ ಮಾಡುವಾಗ ಅದನ್ನೂ ನೋಡಿಬಿಡಿ.