ಹುಣ್ಣು ಮಾಡುವ ಕಣಗಳೇ ಹುಣ್ಣು ಮಾಯಿಸುತ್ತವಾ?

ತಂಗಿಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ), ರೋಗನಿರೋಧಕ ಕಣಗಳೇ ಅವಳ ಕರುಳಲ್ಲಿ ಹುಣ್ಣು ಮಾಡುತ್ತಿವೆ ಎಂದು ಡಾಕ್ಟರ್ ಹೇಳಿದರು ಅಂತ ಬರೆದಿದ್ದೀರಿ. ಹಾಗಾದರೆ ಆ ಕಣಗಳು ಗಾಯ ಮಾಯಿಸುತ್ತವೆ ಅನ್ನೋದು ಸುಳ್ಳಾ ಎಂದೂ ಕೇಳಿದ್ದೀರಿ. ಎರಡೂ ನಿಜ. ಹಾಸನದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವ ನನಗೂ ಇದು ಸರಿಯಾಗಿ ಅರ್ಥವಾಗಿದ್ದು ಅಣ್ಣನಿಗೆ ಇದೇ ಕಾಯಿಲೆ ಬಂದ ಮೇಲೆ.

ಕರುಳಿನ ಒಳಪದರ ಅಂದರೆ ಒಂದೇ ಒಂದು ಸಾಲು ಜೀವಕೋಶ. ಮೂರರಿಂದ ಐದು ದಿನಕ್ಕೆಲ್ಲ ಅದು ಹೊಸದಾಗುತ್ತದೆ. ಪಕ್ಕದಲ್ಲೇ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಗಾಯವಾದರೆ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದು ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುತ್ತವೆ, ತಾವೂ ಸಾಯುತ್ತವೆ. ಮಂಡಿ ತರಚಿ ಕೀವು ತುಂಬುತ್ತದಲ್ವಾ? ಅದರಲ್ಲಿ ಸತ್ತ ನ್ಯೂಟ್ರೋಫಿಲ್‌ಗಳೇ ಜಾಸ್ತಿ.

ಅವುಗಳ ಹಿಂದೆ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಪಾಠ ಮಾಡುವಾಗ ನನಗೆ ತುಂಬಾ ಇಷ್ಟವಾಗುವ ಭಾಗ ಇದು. ಮೊದಮೊದಲು ಇವೂ ಉರಿಯೂತ ಹೆಚ್ಚಿಸುತ್ತವೆ. ಸತ್ತ ಕಣಗಳನ್ನು ನುಂಗುತ್ತಾ ಹೋದ ಹಾಗೆ ಸ್ವಭಾವವೇ ಬದಲಾಗಿ, ಉರಿ ತಗ್ಗಿಸುವ ಐಎಲ್-10 ಎಂಬ ಸಂದೇಶ ಪ್ರೋಟೀನ್ ಬಿಡತೊಡಗುತ್ತವೆ. ಬೇರೆ ಕೆಲವು ಕಣಗಳು ಬಿಡುವ ಅಂಥದ್ದೇ ಪ್ರೋಟೀನ್ ಐಎಲ್-22, ಒಳಪದರದ ಕುಳಿಗಳಲ್ಲಿದ್ದು ಹೊಸ ಕೋಶ ಹುಟ್ಟಿಸುವ ಕಾಂಡಕೋಶಗಳನ್ನು ಚುರುಕು ಮಾಡುತ್ತದೆ. ಅಷ್ಟರಲ್ಲಿ ಗಾಯದ ಅಂಚಿನ ಕೋಶಗಳು ಚಪ್ಪಟೆಯಾಗಿ ತೆವಳಿ ಗಾಯ ಮುಚ್ಚುತ್ತಿರುತ್ತವೆ.

ಕೊಲೈಟಿಸ್‌ನಲ್ಲಿ ಈ ಬದಲಾವಣೆ ನಡೆಯಬೇಕಾದ ಹಾಗೆ ನಡೆಯುವುದಿಲ್ಲ. ನ್ಯೂಟ್ರೋಫಿಲ್‌ಗಳು ಬರುತ್ತಲೇ ಇರುತ್ತವೆ, ಬ್ಯಾಕ್ಟೀರಿಯಾ ಕೊಲ್ಲಲು ಬಿಟ್ಟ ರಾಸಾಯನಿಕಗಳು ನಮ್ಮ ಕರುಳನ್ನೇ ಸುಡುತ್ತವೆ. ಔಷಧಿಯ ಕೆಲಸ ಈ ಉರಿ ಇಳಿಸುವುದು. ಉರಿ ಇಳಿದರೆ ಮಾಯಿಸುವ ಕೆಲಸ ದೇಹವೇ ಮಾಡಿಕೊಳ್ಳುತ್ತದೆ. ಅಣ್ಣನ ಮೊದಲ ಕೊಲೊನೋಸ್ಕೋಪಿ (ಕ್ಯಾಮೆರಾ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಫೋಟೋದಲ್ಲಿ ಕರುಳು ಕೆಂಪಗೆ ಊದಿಕೊಂಡು ಒಂದು ರಕ್ತನಾಳವೂ ಕಾಣುತ್ತಿರಲಿಲ್ಲ. ಎಂಟು ತಿಂಗಳ ನಂತರದ ಫೋಟೋದಲ್ಲಿ ತೆಳು ಗುಲಾಬಿ ಬಣ್ಣದ ಮೇಲೆ ಎಲೆಯ ನರಗಳ ಹಾಗೆ ರಕ್ತನಾಳಗಳು ಮತ್ತೆ ಕಂಡವು. ಅವೆರಡನ್ನೂ ನಾನು ಎಷ್ಟು ಸಲ ನೋಡಿದೆನೋ.

ಒಂದು ವಿಷಯ ಮರೆಯಬೇಡಿ. ಸಕಲೇಶಪುರದ ಕಡೆ ತೋಟದಲ್ಲಿ ಕಾಫಿ ಕೊಯ್ಲು ಮುಗಿಯುವ ತನಕ ಅಣ್ಣ ಸೊಂಟ ನೋವಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗುತ್ತಿದ್ದ. ಒಳಪದರ ಕಾಯುವ, ಗಾಯ ಮಾಯಲು ನೆರವಾಗುವ, ದೇಹವೇ ತಯಾರಿಸುವ ರಾಸಾಯನಿಕಗಳಾದ ಪ್ರೊಸ್ಟಗ್ಲಾಂಡಿನ್‌ಗಳನ್ನೇ ಇಂಥ ಮಾತ್ರೆಗಳು ತಡೆಯುತ್ತವೆ, ಐಬುಪ್ರೊಫೆನ್ ಕೂಡ. ತಂಗಿಗೆ ಮೈಕೈ ನೋವು ಅಂತ ಸುಮ್ನೆ ಮೆಡಿಕಲ್ ಶಾಪಿನಿಂದ ತಂದು ಕೊಡಬೇಡಿ. ಅವಳ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ.