ಪೋಲೆಂಡಿನ ಹೈಕಮಾಂಡ್: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪೋಲೆಂಡಿನ ಮಾಜಿ ಪ್ರಧಾನಿ, 'ಕಾನೂನು ಮತ್ತು ನ್ಯಾಯ' ಪಕ್ಷದ ಯಜಮಾನ ಯಾರೊಸ್ವಾಫ್ ಕಚಿನ್ಸ್ಕಿ ಬಗ್ಗೆ ಪತ್ರ ಬಂದರೆ ಈಗೀಗ ಬಿಡಿಸುವ ಮೊದಲೇ ಪ್ರಶ್ನೆ ಗೊತ್ತಾಗಿಬಿಡುತ್ತದೆ. ಈ ಸಲ ಎಲ್ಲಕ್ಕೂ ಒಟ್ಟಿಗೆ ಉತ್ತರ ಕೊಟ್ಟು ಮುಗಿಸುತ್ತೇನೆ.

ಪ್ರಶ್ನೆ: ಅವರು ಪ್ರಧಾನಿಯಾಗಿದ್ದದ್ದು 2006–07ರಲ್ಲಿ, ಬರೀ 16 ತಿಂಗಳು. ಆಮೇಲೂ ದೇಶ ಅವರ ಮಾತಿನಂತೆ ನಡೆಯಿತು ಅಂತಾರಲ್ಲ, ಹೇಗೆ?

ಉತ್ತರ: ಕರ್ನಾಟಕದವರು ಇದನ್ನು ಕೇಳುವುದೇ ನನಗೆ ಸೋಜಿಗ. ಹೈಕಮಾಂಡ್ ಅಂದರೆ ಏನೆಂದು ನಮಗೆ ಬೇರೆಯವರು ಹೇಳಿಕೊಡಬೇಕಾ? ಅವರ ಹೈಕಮಾಂಡ್ ಇರುವುದು ವಾರ್ಸಾದ ನೊವೊಗ್ರೊಡ್ಸ್ಕಾ ಬೀದಿಯಲ್ಲಿ, ಪಕ್ಷದ ಕಚೇರಿಯಲ್ಲಿ. ಅಲ್ಲಿನ ಪತ್ರಕರ್ತರು ಪಕ್ಷದ ಹೆಸರಿನ ಬದಲು ಬೀದಿಯ ಹೆಸರನ್ನೇ ಬರೆದು ಸುಮ್ಮನಾಗುತ್ತಾರೆ, ಎಲ್ಲರಿಗೂ ಅರ್ಥವಾಗುತ್ತದೆ.

ಕೀಲಿ ಇರುವುದು ಚುನಾವಣೆಯ ಪಟ್ಟಿಯಲ್ಲಿ. ಸೆಯ್ಮ್ ಅಂದರೆ ಅವರ ಕೆಳಮನೆ. ಅದರಲ್ಲಿ 460 ಸೀಟು, ಆದರೆ ಕ್ಷೇತ್ರಗಳು 41 ಮಾತ್ರ. ಒಂದೊಂದು ಕ್ಷೇತ್ರಕ್ಕೂ ಪಕ್ಷ ಉದ್ದದ ಪಟ್ಟಿ ಕೊಡುತ್ತದೆ, ಮತದಾರ ಅದರಲ್ಲಿ ಒಂದು ಹೆಸರಿಗೆ ಗುರುತು ಹಾಕುತ್ತಾನೆ. ಮೇಲಿರುವ ಹೆಸರಿಗೆ ಮತ ಜಾಸ್ತಿ, ಕೆಳಗಿನವರನ್ನು ಕೇಳುವವರು ಕಮ್ಮಿ. ಹಾಗಾಗಿ ಪಟ್ಟಿ ಯಾರ ಕೈಯಲ್ಲಿದೆಯೋ ಶಾಸಕರ ಜುಟ್ಟೂ ಅವರ ಕೈಯಲ್ಲೇ. 'ಕಾನೂನು ಮತ್ತು ನ್ಯಾಯ' ಪಕ್ಷಕ್ಕೆ 2003ರಿಂದ ಇವರೇ ಅಧ್ಯಕ್ಷ.

ಈ ಪಾಠವನ್ನು ಅವರು ಪೆಟ್ಟು ತಿಂದೇ ಕಲಿತದ್ದು ಅನ್ನೋದು ನನ್ನ ಲೆಕ್ಕ. 1990ರಲ್ಲಿ ದೇಶದ ಅಧ್ಯಕ್ಷ ಲೆಖ್ ವವೆನ್ಸಾರ ಕಚೇರಿಯ ಮುಖ್ಯಸ್ಥರಾದರು. ಮರುವರ್ಷವೇ ಜಗಳವಾಗಿ ಹೊರಬಿದ್ದರು. ಆಗ ಕಟ್ಟಿಕೊಂಡಿದ್ದ ಪಕ್ಷಕ್ಕೆ 1993ರಲ್ಲಿ ಶೇ 5ರಷ್ಟು ಮತವೂ ಬರಲಿಲ್ಲ, ಸೆಯ್ಮ್ ಬಾಗಿಲೇ ಮುಚ್ಚಿತು. ದೊಡ್ಡವರ ಮನೆಯಲ್ಲಿ ಕುರ್ಚಿ ಹಾಕಿಸಿಕೊಂಡರೆ ಯಾವಾಗ ಬೇಕಾದರೂ ಎಬ್ಬಿಸುತ್ತಾರೆ, ಅಲ್ವಾ? 2001ರಲ್ಲಿ ಅವಳಿ ತಮ್ಮ ಲೆಖ್ ಜೊತೆ ಸೇರಿ ಈಗಿನ ಪಕ್ಷ ಕಟ್ಟಿದರು.

2015ರಲ್ಲಿ ದೇಶದ ಅಧ್ಯಕ್ಷ ಸ್ಥಾನಕ್ಕೆ ಆಂದ್ರೆಯ್ ದುದಾ ಎಂಬ, ಅಷ್ಟೇನೂ ಹೆಸರಿಲ್ಲದ ಯುರೋಪ್ ಸಂಸದರನ್ನು ನಿಲ್ಲಿಸಿ ಗೆಲ್ಲಿಸಿದರು. ಅದೇ ವರ್ಷ ಪಕ್ಷಕ್ಕೆ 235 ಸೀಟು ಬಂತು, ಬೆಯಾತಾ ಶಿದ್ವೊ ಪ್ರಧಾನಿಯಾದರು. ಕಚಿನ್ಸ್ಕಿ ಬರೀ ಸೆಯ್ಮ್ ಸದಸ್ಯ. ಇನ್ನೂ ಅನುಮಾನವಿದ್ದರೆ 2017ರ ಡಿಸೆಂಬರ್ 7ನ್ನು ನೋಡಿ. ಅವತ್ತು ಶಿದ್ವೊ ವಿರುದ್ಧ ಅವಿಶ್ವಾಸ ನಿರ್ಣಯ ಬಂತು, ಬಿದ್ದೂ ಹೋಯಿತು. ಸದನದಲ್ಲಿ ಚಪ್ಪಾಳೆ. ಸಂಜೆಯ ಹೊತ್ತಿಗೆ ಪಕ್ಷದ ಸಮಿತಿ ಅವರ ರಾಜೀನಾಮೆ ಒಪ್ಪಿ, ಮತೆಯುಷ್ ಮೊರಾವಿಯೆಟ್ಸ್ಕಿಯನ್ನು ಹೊಸ ಪ್ರಧಾನಿ ಎಂದು ಹೆಸರಿಸಿತು. ಸದನದಲ್ಲಿ ಗೆದ್ದ ದಿನವೇ ಪ್ರಧಾನಿ ಕುರ್ಚಿ ಹೋಯಿತು.

ಹಾಗಂತ ಅವರನ್ನು ಸೋಲೇ ಇಲ್ಲದ ಚಾಣಕ್ಯ ಅಂತ ತಲೆ ಮೇಲೆ ಹೊತ್ತುಕೊಳ್ಳಬೇಡಿ. 2007ರಲ್ಲಿ ತಾವೇ ಅವಧಿಗೆ ಮುಂಚೆ ಚುನಾವಣೆಗೆ ಹೋಗಿ ವಿರೋಧ ಪಕ್ಷದ ನಾಯಕ ಡೊನಾಲ್ಡ್ ತುಸ್ಕ್ ಎದುರು ಸೋತರು. 2010ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತೂ ಸೋತರು. 2023ರಲ್ಲಿ 194 ಸೀಟು ಗೆದ್ದು ಮೊದಲ ಸ್ಥಾನಕ್ಕೆ ಬಂದರೂ ಕೈಜೋಡಿಸಲು ಒಂದು ಪಕ್ಷವೂ ಬರಲಿಲ್ಲ. ಎಂಟು ವರ್ಷ ಎಲ್ಲರನ್ನೂ ಬೈದವರಿಗೆ ಕಷ್ಟಕಾಲಕ್ಕೆ ನೆಂಟರು ಎಲ್ಲಿ ಸಿಗುತ್ತಾರೆ?

ಪ್ರಶ್ನೆ: ರಷ್ಯಾದ ಸ್ಮೊಲೆನ್ಸ್ಕ್ ಬಳಿಯ ವಿಮಾನ ದುರಂತ ಕೊಲೆಯಂತೆ, ಹೌದಾ?

ಉತ್ತರ: ಯೂಟ್ಯೂಬ್ ಪಂಡಿತರನ್ನು ದಯವಿಟ್ಟು ಬಿಡಿ. 2010ರ ಏಪ್ರಿಲ್ 10ರಂದು ಆಗ ದೇಶದ ಅಧ್ಯಕ್ಷರಾಗಿದ್ದ ಅವಳಿ ತಮ್ಮ ಲೆಖ್ ಕಚಿನ್ಸ್ಕಿ, ಅವರ ಹೆಂಡತಿ ಮರಿಯಾ ಸೇರಿ 96 ಜನ ಸತ್ತರು. ದಟ್ಟ ಮಂಜು, ವಿಮಾನ ಇಳಿಯಬಾರದಷ್ಟು ಕೆಳಗೆ ಇಳಿಯಿತು. 2011ರಲ್ಲಿ ಪೋಲೆಂಡಿನ ಸರ್ಕಾರಿ ತನಿಖೆಯೇ ಹಾಗೆಂದಿದೆ. ಸ್ಫೋಟ ಎಂದು ಹೊರಟ ಇನ್ನೊಂದು ಸಮಿತಿಯನ್ನು 2023ರಲ್ಲಿ ಬರಖಾಸ್ತು ಮಾಡಿದರು. ಅಮ್ಮನಿಗೆ ಹುಷಾರಿಲ್ಲವೆಂದು ಯಾರೊಸ್ವಾಫ್ ಆ ವಿಮಾನ ಹತ್ತಲಿಲ್ಲ. ತಮ್ಮನನ್ನು ಕಳೆದುಕೊಂಡವರು ಒಪ್ಪಿಕೊಳ್ಳಲಾರದೆ ಒದ್ದಾಡಿದರೆ ನನಗೆ ಅರ್ಥವಾಗುತ್ತದೆ. ನಿಮಗೇನು ಕಷ್ಟ?

ಪ್ರಶ್ನೆ: ಅವಳಿಗಳು ಅದಲುಬದಲಾಗಿ ಆಡಳಿತ ಮಾಡುತ್ತಿದ್ದರಂತೆ?

ಉತ್ತರ: ಇಲ್ಲ. ಇಬ್ಬರೂ ಸೇರಿ ನಟಿಸಿದ್ದು 1962ರ ಮಕ್ಕಳ ಸಿನಿಮಾದಲ್ಲಿ, ಅದೂ 13ರ ವಯಸ್ಸಿಗೆ.

ಪ್ರಶ್ನೆ: ಅವರಿಗೆ ಬೆಕ್ಕು ಅಂದರೆ ಪ್ರಾಣವಂತೆ?

ಉತ್ತರ: ಹೌದು. ಮುಂದಿನದು.

ಪ್ರಶ್ನೆ: ನಮ್ಮ ಹುಡುಗನಿಗೆ ಪೋಲೆಂಡಿನಲ್ಲಿ ಕೆಲಸ ಸಿಕ್ಕಿದೆ. ಅವರ ಪಕ್ಷದವರ ಪರಿಚಯ ಇದೆ, ವೀಸಾ ಬೇಗ ಮಾಡಿಸುತ್ತೇನೆ ಎಂದು ಏಜೆಂಟ್ ಒಬ್ಬ ದುಡ್ಡು ಕೇಳುತ್ತಿದ್ದಾನೆ.

ಉತ್ತರ: ಬಿಡಿಗಾಸೂ ಕೊಡಬೇಡಿ. 2023ರಲ್ಲಿ ಇಂಥದ್ದೇ ಲಂಚದ ವೀಸಾ ಹಗರಣದಲ್ಲಿ ಅಲ್ಲಿನ ವಿದೇಶಾಂಗ ಖಾತೆಯ ಉಪಮಂತ್ರಿಯೊಬ್ಬರ ಕುರ್ಚಿಯೇ ಹೋಯಿತು. ಅರ್ಜಿಯನ್ನು ಹುಡುಗನೇ ತುಂಬಲಿ.